ತೆರೆದಿಟ್ಟ ಚಾಕಿ ಮನೆ

ರೇಷ್ಮೆ ಹುಳುವಿನ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ನೆಂಟರು ಬಂದರೂ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು ಕಳಿಸುತ್ತೇವೆ. ಯಾರ ಕಾಲಿನಲ್ಲಿ ರೋಗ ಬರುತ್ತದೋ, ಯಾರ ಕಣ್ಣು ತಾಕುತ್ತದೋ ಎನ್ನುವ ಎರಡು ಭಯಗಳೂ ಸೇರಿ ಆದ ಕಟ್ಟಳೆ ಇದು. ತಮಿಳು ಸೀಮೆಯ ಸೂಳಗಿರಿಯಿಂದ ಒಳರಸ್ತೆಯಲ್ಲಿ ಹೋದರೆ ಸಿಗುವ ನಮ್ಮೂರಿನಲ್ಲಿ ಈ ಕಟ್ಟಳೆಯನ್ನು ಮೊದಲು ಮುರಿದವಳು ನಾನು. ಚಪಲಕ್ಕೆ ಮುರಿದದ್ದಲ್ಲ. ಮುರಿಯದೆ ಹೋಗಿದ್ದರೆ ನನ್ನ ಚಾಕಿ ಮನೆಗೆ ಬೀಗ ಬೀಳುತ್ತಿತ್ತು, ಕೆಟ್ಟ ಹೆಸರು ಮಾತ್ರ ನಾನು ಸಾಯುವವರೆಗೂ ಉಳಿಯುತ್ತಿತ್ತು.

ಚಾಕಿ ಎಂದರೆ ಮರಿಹುಳು ಸಾಕಣೆ. ಹುಳುಗಳ ಬಾಲವಾಡಿ ಎಂದು ನಾನು ತಮಾಷೆ ಮಾಡುತ್ತಿದ್ದೆ. ಸರ್ಕಾರಿ ಬಿತ್ತನೆ ಕೋಠಿಯಿಂದ ಮೊಟ್ಟೆ ತಂದು, ಮರಿ ಮಾಡಿಸಿ, ಎರಡನೇ ಜ್ವರ ಏಳುವವರೆಗೆ ನಾವು ಸಾಕಬೇಕು. ಆಮೇಲೆ ರೈತರು ತಮ್ಮ ತಮ್ಮ ಮನೆಗೆ ಒಯ್ದು ಗೂಡು ಕಟ್ಟುವವರೆಗೆ ಸಾಕಿಕೊಳ್ಳುತ್ತಾರೆ. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ ಅಲುಗಾಡದೆ ನಿಂತು ಪೊರೆ ಬಿಡುವ ಹೊತ್ತನ್ನು ನಾವು ಜ್ವರ ಎನ್ನುತ್ತೇವೆ. ಮೊದಲ ಎರಡು ಜ್ವರಗಳಲ್ಲಿ ಎಡವಿದ ಹುಳುವಿಗೆ ಮುಂದೆ ಎಷ್ಟು ಸೊಪ್ಪು ಸುರಿದರೂ ಒಳ್ಳೆಯ ಗೂಡು ಬರುವುದಿಲ್ಲ. ಅದಕ್ಕೇ ಮರಿಹುಳುವಿನ ಕೆಲಸಕ್ಕೆ ಒಂದೇ ಕಡೆ, ಒಂದೇ ಕೈ ಇರಬೇಕು ಎಂದು ಇಲಾಖೆಯವರು ಊರೂರಿಗೆ ಚಾಕಿ ಮನೆ ಮಾಡಿಸುತ್ತಿದ್ದರು.

ಬಿಳಿ ಗೂಡಿನ ಬೈವೋಲ್ಟಿನ್ ತಳಿ ನಮ್ಮ ಕಡೆಗೆ ಹೊಸದಾಗಿ ಬರುತ್ತಿದ್ದ ಕಾಲ. ಹೈವೇಯನ್ನು ಅಗಲ ಮಾಡುತ್ತಿದ್ದರು, ನಮ್ಮ ಯಜಮಾನರು ಹೊಸೂರಿನ ಕಾರ್ಖಾನೆಯ ಶಿಫ್ಟಿಗೆ ಹೋಗಲು ಧೂಳು ತಿಂದುಕೊಂಡು ಬಸ್ಸು ಹಿಡಿಯುತ್ತಿದ್ದರು. ಕನಕಪುರದ ಕಡೆ ಹುಳು ಸಾಕುವ ಮನೆಯಲ್ಲಿ ಹುಟ್ಟಿದವಳು ನಾನು, ಹೀಗಾಗಿ ಚಾಕಿ ಮನೆ ನನ್ನ ತಲೆಗೆ ಬಂತು. ಜೊತೆಗೆ ನನ್ನ ಓರಗಿತ್ತಿ. ಅವಳು ಮಾತು ಕಡಿಮೆ, ಕೈ ಚುರುಕು. ನನ್ನದು ಎರಡೂ ಜಾಸ್ತಿ ಎಂದು ಅತ್ತೆ ಹೇಳುತ್ತಿದ್ದರು.

ನನಗಿಂತ ಮುಂಚೆ ನಮ್ಮೂರಿಗೆ ಮೊಟ್ಟೆ ತಂದು ಮಾರುತ್ತಿದ್ದವನು ನಮ್ಮ ಯಜಮಾನರ ದೊಡ್ಡಪ್ಪನ ಮಗ. ಎಲ್ಲರೂ ಅವನನ್ನು ಏಜೆಂಟ್ ಎಂದೇ ಕರೆಯುತ್ತಿದ್ದರು. ಎಲ್ಲಿಂದ ತರುತ್ತಿದ್ದನೋ, ಒಂದು ಸಲ ಚೆನ್ನಾಗಿ ಮರಿಯಾದರೆ ಇನ್ನೊಂದು ಸಲ ಅರ್ಧ ಮೊಟ್ಟೆ ಹಾಗೇ ಒಣಗುತ್ತಿತ್ತು. ಚಾಕಿ ಮನೆ ಬಂದ ಮೇಲೆ ಜನ ತಾವಾಗಿಯೇ ಅವನನ್ನು ಬಿಟ್ಟು ನನ್ನ ಹತ್ತಿರ ಬಂದರು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. 'ಒಳ್ಳೇದಾಯ್ತು ಬಿಡಿ ಅತ್ತಿಗೆ, ನಂಗೂ ಅಲೆದು ಅಲೆದು ಸಾಕಾಗಿತ್ತು' ಎಂದು ನಗುತ್ತಾ ಹೇಳಿದ. ನಾನು ನಂಬಿದೆ. ಅವನ ಹಿಪ್ಪುನೇರಳೆ ತೋಟವೂ ನಮ್ಮದೂ ಒಂದೇ ಬದುವಿಗೆ ಅಂಟಿಕೊಂಡಿದ್ದವು. ಅವನ ಹೆಂಡತಿಗೆ ಸೊಪ್ಪು ಕಮ್ಮಿ ಬಿದ್ದಾಗ ನಮ್ಮ ಕಡೆಯ ಅಂಚಿನಿಂದ ಕುಯ್ದುಕೊಂಡು ಹೋಗುವಳು, ನಮಗೆ ಕಮ್ಮಿ ಬಿದ್ದಾಗ ಅವರದನ್ನು ನಾವು ತರುತ್ತಿದ್ದೆವು. ಹುಳು ಸಾಕುವ ಊರಿನಲ್ಲಿ ಸೊಪ್ಪಿನ ಕೈಬದಲು ಎಲ್ಲ ಕಡೆಯೂ ಇದ್ದದ್ದೇ.

ಮೊದಲು ಕಿವಿಗೆ ಬಿದ್ದದ್ದು ಗಂಟು ರೋಗದ ಮಾತು. ಮೊಟ್ಟೆಯಲ್ಲೇ ಬರುವ ಈ ರೋಗ ಹೊಕ್ಕರೆ ಬೆಳೆಗೆ ಬೆಳೆಯೇ ಹೋಗುತ್ತದೆ. ನನ್ನ ಚಾಕಿಯಲ್ಲಿ ಅದು ಇದೆಯಂತೆ ಎಂದು ಊರಲ್ಲಿ ಸುದ್ದಿ ಹಬ್ಬಿತು. ಯಾರು ಹೇಳಿದರು ಎಂದರೆ ಯಾರೂ ಇಲ್ಲ. ಎಲ್ಲರೂ ಇನ್ನೊಬ್ಬರಿಂದ ಕೇಳಿದವರೇ. ನಾನು ತಡ ಮಾಡದೆ ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರಿಗೆ ಹೇಳಿ ಕಳಿಸಿದೆ. ಕೃಷ್ಣಗಿರಿಯ ಕಡೆಯವರು, ತಮಿಳು ಬೆರೆಸಿ ಕನ್ನಡ ಮಾತಾಡುತ್ತಿದ್ದರು. ಮೊಪೆಡ್ಡಿನ ಹಿಂದೆ ಮೈಕ್ರೋಸ್ಕೋಪ್ ಕಟ್ಟಿಕೊಂಡು ಬಂದು, ತಟ್ಟೆ ತಟ್ಟೆಯಿಂದ ಹುಳು ಆರಿಸಿ, ಅರೆದು, ಜಗಲಿಯ ಮೇಲೇ ಇಟ್ಟು ರೈತರನ್ನು ಕರೆದು ತೋರಿಸಿದರು. ಗಂಟಿನ ಸುಳಿವೂ ಇರಲಿಲ್ಲ. ಅಲ್ಲಿಗೆ ಮುಗಿಯಿತು ಅಂದುಕೊಂಡು ನಾನು ಎಲ್ಲರಿಗೂ ಕಾಫಿ ಕೊಟ್ಟೆ.

ಮುಗಿಯಲಿಲ್ಲ. ಎರಡನೆಯ ಮಾತು ಬಂದದ್ದು ಕೊಳಾಯಿಯ ಹತ್ತಿರ. ನನ್ನ ಜೊತೆ ಸಲಿಗೆಯಿಂದಿದ್ದ ಪಕ್ಕದ ಬೀದಿಯವಳು ಬಿಂದಿಗೆ ಕೆಳಗಿಟ್ಟು, ಆ ಕಡೆ ಈ ಕಡೆ ನೋಡಿ ಬಾಯಿ ಬಿಟ್ಟಳು.

'ಅಕ್ಕಾ, ತಪ್ಪು ತಿಳ್ಕೋಬ್ಯಾಡ. ಊರೆಲ್ಲ ಆಡ್ಕೊಂತಾವ್ರೆ. ನೀನು ಆ ದಿನದಾಗೂ ಹುಳದ ಮನೆ ಒಳಕ್ಕೆ ಹೋಗ್ತೀಯಂತೆ.'

'ಯಾರಂದ್ರು?'

'ಯಾರು ಅಂತ ಏಳ್ಲಿ. ನಮ್ಮತ್ತೆ ಅಂಗಡಿತಾವ ಕೇಳ್ಕೊಂಬಂದ್ಳು. ಹಿಂಗಾದ್ರೆ ಹುಳ ಎಲ್ಲಿ ಎದ್ದಾವು ಅಂತಾವ್ರೆ.'

ಮುಟ್ಟಾದ ಹೆಂಗಸು ಹುಳುವಿನ ಮನೆಗೆ ಹೋಗಬಾರದು ಎನ್ನುವುದು ನಮ್ಮ ಕಡೆಯ ಹಳೆಯ ನಂಬಿಕೆ. ನನಗೆ ಅದರಲ್ಲಿ ಎಷ್ಟು ನಂಬಿಕೆ ಇತ್ತು ಎನ್ನುವುದು ಬೇರೆ ಮಾತು. ಅತ್ತೆ ಇರುವ ಮನೆ, ಅವರ ಮನಸ್ಸು ನೋಯಿಸುವುದು ಬೇಡ ಎಂದು ಆ ದಿನಗಳಲ್ಲಿ ಓರಗಿತ್ತಿ ಒಳಗಿನ ಕೆಲಸ ನೋಡಿದರೆ ನಾನು ತೋಟದ ಕೆಲಸ ನೋಡುತ್ತಿದ್ದೆ. ಆದರೆ ಇದನ್ನು ಯಾರ ಮುಂದೆ ಹೇಳಲಿ? ಗಂಟು ರೋಗ ಇಲ್ಲ ಎಂದು ಮೈಕ್ರೋಸ್ಕೋಪಿನಲ್ಲಿ ತೋರಿಸಬಹುದು. ಇದನ್ನು ಟೀ ಅಂಗಡಿಯ ಮುಂದೆ ನಿಂತು ಗಂಡಸರಿಗೆ ವಿವರಿಸುವುದಕ್ಕೆ ಆಗುತ್ತದೆಯೇ? ಯಾವ ಹೆಂಗಸೂ ಬಾಯಿಬಿಟ್ಟು ಅಲ್ಲಗಳೆಯಲಾರದ ಮಾತನ್ನು ಹುಡುಕಿ ಆರಿಸಿದ್ದರು. ಆಡಿದವರು ನನ್ನನ್ನು ಚೆನ್ನಾಗಿ ಬಲ್ಲವರೇ ಎಂದು ಅವತ್ತೇ ನನಗೆ ಹೊಳೆಯಿತು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು, ಮಾಡದ ತಪ್ಪಿಗೆ ನಾಚಿಕೆಪಡುತ್ತಿದ್ದೇನಲ್ಲ ಎಂದು ಮತ್ತೆ ಸಿಟ್ಟು ಬಂತು.

ಅದೇ ಬೆಳೆಯಲ್ಲಿ, ಎರಡನೇ ಜ್ವರಕ್ಕೆ ಇನ್ನೇನು ಹುಳು ಕೂರಬೇಕು ಅನ್ನುವಾಗ, ಏಟು ಬಿತ್ತು. ಬೆಳಗಿನ ಸೊಪ್ಪು ಹಾಕಿ, ಮೇಣದ ಕಾಗದ ಹೊದಿಸಿ ಬಂದಿದ್ದೆ. ಮಧ್ಯಾಹ್ನದ ಸೊಪ್ಪಿಗೆ ಹೋಗಿ ಕಾಗದ ಎತ್ತಿದರೆ ಹುಳುಗಳು ತಿನ್ನುತ್ತಿಲ್ಲ. ತಲೆ ಎತ್ತಿವೆ, ಆದರೆ ಜ್ವರದಲ್ಲಿ ನಿಲ್ಲುವ ಹಾಗಲ್ಲ. ಮುಂದಿನ ಅರ್ಧ ಮೈಯನ್ನು ಆ ಕಡೆ ಈ ಕಡೆ ತೂಗುತ್ತಿವೆ, ಬಾಯಿಂದ ಹಸಿರು ನೀರು ಸುರಿಸುತ್ತಿವೆ. ಒಂದೊಂದೇ ತಟ್ಟೆಯ ಕಾಗದ ಎತ್ತುತ್ತಾ ಹೋದೆ. ತಟ್ಟೆ ಪೇರಿಸುವ ಗೂಟಗಳಲ್ಲಿ ಕೊನೆಯದರ ಕೆಲವು ತಟ್ಟೆ ಬಿಟ್ಟರೆ ಎಲ್ಲದರಲ್ಲೂ ಅದೇ. ಸಂಜೆಯಾಗುವಷ್ಟರಲ್ಲಿ ಮೈ ಮುದುಡಿಕೊಂಡು ಸತ್ತವು. ಓರಗಿತ್ತಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ನನಗೆ ಅಳುವೂ ಬರಲಿಲ್ಲ. ಊರಿನ ಮನೆಮನೆಯಲ್ಲೂ ಗೋಡೆಗೆ ಸುಣ್ಣ ಬಳಿದು, ತಟ್ಟೆ ತೊಳೆದು, ಸೊಪ್ಪು ಬೆಳೆಸಿಕೊಂಡು ನನ್ನ ಹುಳುವಿಗಾಗಿ ಕಾಯುತ್ತಿದ್ದರು.

ಮರುದಿನ ಇನ್ಸ್‌ಪೆಕ್ಟರ್ ಬಂದು ಸತ್ತ ಹುಳುವನ್ನು ಅಂಗೈಯಲ್ಲಿಟ್ಟು ನೋಡಿದರು.

'ನೋಯ್ ಇಲ್ಲೆಮ್ಮಾ ಇದು' ಎಂದರು. ರೋಗವಲ್ಲ. 'ಮರುಂದು. ಸೊಪ್ಪಿಗೆ ಯಾರೋ ಔಷಧಿ ಹೊಡ್ದಿದಾರೆ. ನಿಮ್ ತೋಟದ್ದೇನಾ ಸೊಪ್ಪು?'

ನಮ್ಮದೇ. ಹೊರಗಿನಿಂದ ಸೊಪ್ಪು ತಂದರೆ ಮೊದಲು ಹಿಡಿಯಷ್ಟು ಹುಳುವಿಗೆ ಹಾಕಿ, ಕಾದು ನೋಡಿ, ಆಮೇಲೆ ಎಲ್ಲದಕ್ಕೂ ಹಾಕುವುದು ನಮ್ಮ ಪದ್ಧತಿ. ಸ್ವಂತ ತೋಟದ ಸೊಪ್ಪಿಗೆ ಯಾರು ಆ ಪರೀಕ್ಷೆ ಮಾಡುತ್ತಾರೆ? ಉಳಿದಿದ್ದ ಒಂದಿಷ್ಟು ಹುಳುವನ್ನು ಬೇರೆ ಬೇರೆ ತಟ್ಟೆಗೆ ಹಂಚಿ, ತೋಟದ ನಾಲ್ಕೂ ಕಡೆಯ ಸೊಪ್ಪನ್ನು ಬೇರೆ ಬೇರೆಯಾಗಿ ಹಾಕಿ ನೋಡಿದೆವು. ಮೂರು ತಟ್ಟೆಯ ಹುಳುಗಳು ಕರಕರ ತಿಂದವು. ಪೂರ್ವದ ಅಂಚಿನ ಸೊಪ್ಪು ತಿಂದವು ಮಾತ್ರ ತಲೆ ತೂಗತೊಡಗಿದವು. ಆ ಅಂಚಿನ ಆಚೆ ಇದ್ದದ್ದು ಏಜೆಂಟನ ತೋಟ.

ಇನ್ಸ್‌ಪೆಕ್ಟರ್ ನನ್ನ ಮುಖ ನೋಡಿದರು. 'ಯಾರ್ ಹತ್ರನೂ ಹೇಳ್ಬೇಡಿಮ್ಮಾ, ಎಲ್ಲಿ ಸೊಪ್ಪು ಅಂತ. ಸಾಕ್ಷಿ ಇಲ್ಲದೆ ಹೇಳಿದ್ರೆ ನಿಮ್ ಮೇಲೇ ತಿರುಗುತ್ತೆ' ಎಂದರು. ನನಗೂ ಅದು ಸರಿ ಕಂಡಿತು. ಬದುವಿನ ಆಚೆ ತೋಟವಿದೆ ಎಂದ ಮಾತ್ರಕ್ಕೆ ಅವನೇ ಎನ್ನಲು ಆಗದು. ನನ್ನ ಮೇಲೆ ಸಾಕ್ಷಿಯಿಲ್ಲದೆ ಆಡಿದವರ ಹಾಗೆ ನಾನೂ ಆಡಿದರೆ ನನಗೂ ಅವರಿಗೂ ಏನು ವ್ಯತ್ಯಾಸ? ಮನೆಯವರಿಗೆ ಬಿಟ್ಟು ಇನ್ಯಾರಿಗೂ ಹೇಳಲಿಲ್ಲ. ಆ ಅಂಚಿನ ಗಿಡಗಳನ್ನು ಬುಡಮಟ್ಟ ಕುಯ್ಯಿಸಿ, ಕಡ್ಡಿ ಸೊಪ್ಪು ಎಲ್ಲವನ್ನೂ ಹೂಳಿಸಿದೆವು. ಸವರಿದ ಗಿಡ ಚಿಗುರುವುದು ವಾಡಿಕೆ, ಯಾರೂ ಅದನ್ನು ವಿಶೇಷವಾಗಿ ನೋಡಲಿಲ್ಲ.

ಆ ವಾರವೇ ಊರವರು ನಮ್ಮ ಜಗಲಿಗೆ ಬಂದರು. ಊರಿನ ಗೌಡರು ಮುಂದೆ ಕೂತರು, ರೈತರು ಅಂಗಳದಲ್ಲಿ ಕೂತರು. ಏಜೆಂಟ್ ಹಿಂದುಗಡೆ ಕಂಬಕ್ಕೆ ಒರಗಿ ನಿಂತಿದ್ದ. ಇನ್ಸ್‌ಪೆಕ್ಟರ್ ಹೇಳಿದ ವಿಷದ ಮಾತನ್ನು ನಮ್ಮ ಯಜಮಾನರು ತಿಳಿಸಿದರೆ, 'ಇಲಾಖೆಯೋರು ನಿಮ್ ಕಡೆ ಏಳ್ದೆ ಇನ್ನೇನು ಏಳ್ತಾರೆ' ಎಂದು ಯಾರೋ ಗೊಣಗಿದರು.

ಗೌಡರು ನೆಲ ನೋಡುತ್ತಾ ಹೇಳಿದರು. 'ನೋಡಮ್ಮ, ಜನ ಏನೇನೋ ಮಾತಾಡ್ತಾವ್ರೆ. ಅದನ್ನ ನನ್ನ ಬಾಯಾಗೆ ಏಳಕಾಗಲ್ಲ. ಮುನೇಶ್ವರನ್ ತಾವ ಬಂದು ಕರ್ಪೂರ ಆರಿಸಿ ಸತ್ಯ ಮಾಡ್ಬುಡು. ಎಲ್ಲಾ ಮುಗೀತದೆ.'

ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿ ಸತ್ಯ ಮಾಡುವುದು ನಮ್ಮ ಕಡೆಯ ಕೊನೆಯ ತೀರ್ಪು. ಅದರ ಮೇಲೆ ಯಾರೂ ಮಾತಾಡುವಂತಿಲ್ಲ. ಹಿಂದಿನಿಂದ ಏಜೆಂಟನ ದನಿ ಬಂತು, ಜೇನಿನಷ್ಟು ಸಿಹಿಯಾಗಿ. 'ಮಾಡ್ಬುಡಿ ಅತ್ತಿಗೆ. ಸತ್ಯವಂತ್ರಿಗೆ ಭಯ ಯಾಕೆ. ಆಡೋರ ಬಾಯಿ ಮುಚ್ಚೋಗ್ತದೆ.'

ಮಾಡಬಹುದಿತ್ತು. ನನ್ನಲ್ಲಿ ಸುಳ್ಳಿರಲಿಲ್ಲ. ಆದರೆ ಊರಿನ ಗಂಡಸರೆಲ್ಲ ಸುತ್ತ ನಿಂತು ನೋಡುವಾಗ ನನ್ನ ಮೈಯ ಲೆಕ್ಕವನ್ನು ದೇವರಿಗೆ ಒಪ್ಪಿಸುವುದು ನನಗೆ ಬೇಡವಾಗಿತ್ತು. ಇವತ್ತು ನಾನು ಮಾಡಿದರೆ ನಾಳೆ ಇನ್ನೊಬ್ಬಳನ್ನು ಕರೆಯುತ್ತಾರೆ.

'ಮುನೇಶ್ವರನಿಗೆ ಗೊತ್ತಿರೋದನ್ನ ಅವನಿಗೇ ಹೋಗಿ ನಾನ್ಯಾಕೆ ಹೇಳ್ಲಿ ಗೌಡ್ರೆ. ಸತ್ಯ ಮಾಡಲ್ಲ' ಎಂದೆ.

ಅಂಗಳದಲ್ಲಿ ಗುಸುಗುಸು ಎದ್ದಿತು. ಒಲ್ಲೆ ಎಂದರೆ ತಪ್ಪು ಒಪ್ಪಿದ ಹಾಗೆ ಎಂದುಕೊಂಡೇ ಅರ್ಧ ಜನ ಎದ್ದು ಹೋದರು.

ಒಳಗೆ ಅತ್ತೆ ಆಗಲೇ ಒಣಮೆಣಸಿನಕಾಯಿ ನೆನೆಹಾಕಿದ್ದರು. ಯಾರು ಕೆಡುಕು ಮಾಡಿದರೋ ಗೊತ್ತಿಲ್ಲದಾಗ ಮೆಣಸಿನಕಾಯಿ ಅರೆದು ಊರಮ್ಮನ ಮೈಗೆ ಬಳಿದು, ಮಾಡಿದವರ ಮೈ ಹೀಗೇ ಉರಿಯಲಿ ಎಂದು ಶಾಪ ಹಾಕುತ್ತಾರೆ. 'ನೀನು ಅರಿ, ನಾನು ಬಳೀತೀನಿ. ಅವನ ವಂಸ ಉರ್ದೋಗ್ಲಿ' ಎಂದು ಒರಳಿನ ಮುಂದೆ ನನ್ನನ್ನು ಕೂರಿಸಿದರು. ನಿಜ ಹೇಳುತ್ತೇನೆ, ನನ್ನ ಕೈ ಗುಂಡಿನ ಮೇಲೆ ಹೋಗಿತ್ತು. ಅಷ್ಟು ಉರಿ ನನ್ನೊಳಗೂ ಇತ್ತು. ಆದರೆ ಏಜೆಂಟನ ಮನೆಯಲ್ಲಿ ಹೆಂಡತಿ ಇದ್ದಳು. ಏನೂ ಅರಿಯದ ಹೆಣ್ಣು, ನನ್ನನ್ನು ಅಕ್ಕಾ ಎಂದು ಕರೆಯುವವಳು. ವಂಶ ಉರಿಯಲಿ ಎಂದರೆ ಅವಳೂ ಉರಿಯಬೇಕಲ್ಲ. ಕೈ ತೆಗೆದು ಎದ್ದು ತೋಟಕ್ಕೆ ಹೋದೆ.

ನಮ್ಮ ತೋಟದ ಕೆಳಗೆ ಹುಣಸೆ ಮರದಡಿ ಮುನೇಶ್ವರನ ಕಲ್ಲುಗಳಿವೆ. ಸತ್ಯ ಮಾಡು ಎಂದು ನನ್ನನ್ನು ಕರೆದ ಜಾಗವೂ ಅದೇ. ಮಧ್ಯಾಹ್ನದ ಹೊತ್ತು, ಯಾರೂ ಇರಲಿಲ್ಲ. ನಾನು ದೇವರ ಮುಂದೆ ಅತ್ತು ಕರೆಯುವವಳಲ್ಲ. ನೇರವಾಗಿಯೇ ಕೇಳಿದೆ. 'ನೀನು ಇಲ್ಲೇ ಕೂತಿದ್ದೀಯ. ಯಾರು ಬಂದರು, ಏನು ಹೊಡೆದರು, ಎಲ್ಲ ಕಂಡಿದ್ದೀಯ. ನ್ಯಾಯ ಮಾಡೋನು ನೀನು. ಅದನ್ನು ನಾನು ಕೈಗೆ ತಗೊಳ್ಳಲ್ಲ. ಹುಳ ಸಾಕೋದು ನನ್ನ ಕೆಲಸ, ಅದನ್ನ ನಾನು ಮಾಡ್ತೀನಿ.' ಹೇಳಿ ಮುಗಿಸಿದ ಮೇಲೆ ಅಲ್ಲೇ ಸುಮ್ಮನೆ ಕೂತೆ. ಎದೆ ಹಗುರವಾಗಿತ್ತು. ಕೂತಿದ್ದಾಗಲೇ ಇನ್ನೊಂದು ಹೊಳೆಯಿತು. ನನ್ನ ಮೇಲೆ ಮಾತು ಹುಟ್ಟಿದ್ದು ಹುಳುವಿನ ಮನೆಯ ಬಾಗಿಲು ಮುಚ್ಚಿರುವುದರಿಂದ. ಒಳಗೆ ಏನು ನಡೆಯುತ್ತದೆಂದು ಯಾರಿಗೂ ಕಾಣದು, ಹೀಗಾಗಿ ಯಾರು ಏನು ಬೇಕಾದರೂ ಹೇಳಬಹುದು. ದೇವರು ನೋಡುತ್ತಿದ್ದಾನೆ ಎಂದು ನಂಬಿದವಳಿಗೆ ಊರು ನೋಡಿದರೆ ಏನು ಭಯ?

ಮುಂದಿನ ಬೆಳೆಗೆ ಮೊಟ್ಟೆ ತರುವ ಮುಂಚೆ ಮನೆಮನೆಗೆ ಹೋಗಿ ಹೇಳಿದೆ. ನನ್ನ ಚಾಕಿ ಬೇಕು ಅನ್ನುವ ಮನೆಯಿಂದ ಒಬ್ಬ ಹೆಂಗಸು ಸರದಿಯ ಮೇಲೆ ಬಂದು ನನ್ನ ಜೊತೆ ಕೆಲಸ ಮಾಡಬೇಕು. ಸೊಪ್ಪು ಕುಯ್ಯುವುದರಿಂದ ಹಿಡಿದು ಹುಳು ಹಂಚುವವರೆಗೆ ಎಲ್ಲವನ್ನೂ ಕಣ್ಣಾರೆ ನೋಡಬೇಕು. ಇದಕ್ಕೆ ಒಂದೇ ಕಟ್ಟಳೆ ಸೇರಿಸಿದೆ. ಒಳಗೆ ಬರಲಾಗದ ದಿನ ಅವರವರೇ ತೋಟದ ಕೆಲಸಕ್ಕೆ ಹೋಗಬೇಕು, ಯಾಕೆ ಎಂದು ಯಾರೂ ಯಾರನ್ನೂ ಕೇಳಬಾರದು.

ಅತ್ತೆ ಎದೆ ಬಡಿದುಕೊಂಡರು. 'ಊರವ್ರ ಕಣ್ಣೆಲ್ಲ ಮನೆ ಒಳಕ್ಕೇ ಕರಕೊಂಡ್ ಬತ್ತೀಯಲ್ಲಮ್ಮೀ, ಬುದ್ಧಿ ನೆಟ್ಗಿದ್ದಾದಾ?'

ನಮ್ಮ ಯಜಮಾನರು ಬೂಟು ಕಟ್ಟಿಕೊಳ್ಳುತ್ತಾ, 'ಬಾಗ್ಲು ಮುಚ್ಕೊಂಡಿದ್ದಾಗ ಏನ್ ಉಳೀತವ್ವಾ, ಮಾಡ್ಲಿ ಬುಡು' ಎಂದು ಶಿಫ್ಟಿಗೆ ಹೊರಟುಹೋದರು. ನನ್ನ ಪರವಾಗಿ ಅವರು ಆಡಿದ ಅತಿ ಉದ್ದದ ಭಾಷಣ ಅದು.

ಅರ್ಧಕ್ಕಿಂತ ಕಮ್ಮಿ ಮನೆಯವರು ಒಪ್ಪಿದರು. ಮಿಕ್ಕವರು ಮತ್ತೆ ಏಜೆಂಟನ ಮೊಟ್ಟೆಗೆ ಹೋದರು. ಬಂದಷ್ಟು ಹೆಂಗಸರನ್ನು ಕಟ್ಟಿಕೊಂಡು ನಾನು ಕೆಲಸ ಶುರು ಮಾಡಿದೆ. ಮೊದಲು ಬ್ಲೀಚಿಂಗ್ ಪುಡಿ ಮತ್ತು ಸುಣ್ಣದ ನೀರಿನಲ್ಲಿ ಮನೆ, ತಟ್ಟೆ, ಗೂಟ ಎಲ್ಲ ತೊಳೆದೆವು. ಹೊಸಿಲಿನ ಹತ್ತಿರ ಸುಣ್ಣದ ಪುಡಿ ಹರಡಿದ ಗೋಣಿಚೀಲ, ಪಕ್ಕದಲ್ಲಿ ಕೈ ತೊಳೆಯುವ ಬೋಗುಣಿ. ಕಾಲು ಒರೆಸಿ, ಕೈ ತೊಳೆದು ಒಳಗೆ ಬರಬೇಕು. ಮೊದಲ ದಿನ ಅವರಿಗೆ ದೇವಸ್ಥಾನಕ್ಕೆ ಬಂದ ಹಾಗಾಗಿತ್ತು, ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಹುಳುವಿಗೆ ಕಿವಿ ಇಲ್ಲ, ಗಟ್ಟಿಯಾಗಿ ಮಾತಾಡಿ ಎಂದು ನಾನೇ ಬೈದೆ.

ಮೊಟ್ಟೆಗಳು ನೀಲಿಗೆ ತಿರುಗಿದ ಮೇಲೆ ಕಪ್ಪು ಬಟ್ಟೆಯಲ್ಲಿ ಸುತ್ತಿ ಕತ್ತಲಲ್ಲಿ ಇಡುತ್ತೇವೆ. ಹಾಗಿಟ್ಟರೆ ಮುಂಚೆ ಬಲಿತವೂ ಕಾಯುತ್ತವೆ, ತಡವಾದವೂ ಬಂದು ಸೇರಿಕೊಳ್ಳುತ್ತವೆ. ಮರಿಯಾಗುವ ಬೆಳಗ್ಗೆ ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದರೆ ಎಲ್ಲವೂ ಒಟ್ಟಿಗೆ ಹೊರಗೆ. ಅವತ್ತು ಬಂದಿದ್ದ ತೆಲುಗು ಮನೆಮಾತಿನ ಮುದುಕಿ ಹತ್ತಿರ ಬಗ್ಗಿ ನೋಡಿ, 'ಚೀಮಲ ಮಾದಿರಿ ಉಂಡಾಯಿ ಕದಮ್ಮಾ' ಎಂದಳು. ಇರುವೆಗಳ ಹಾಗಿವೆ ಎಂದು. ಜೀವಮಾನವೆಲ್ಲ ಹುಳು ಸಾಕಿದವಳು, ಇಷ್ಟು ಮರಿ ಒಂದೇ ಸಲಕ್ಕೆ ಏಳುವುದನ್ನು ಕಂಡಿರಲಿಲ್ಲ. ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಿ, ಮರಿ ಹತ್ತಿದ ಮೇಲೆ ಕೋಳಿಪುಕ್ಕದಿಂದ ಮೆಲ್ಲಗೆ ತಟ್ಟೆಗೆ ಸರಿಸಿದೆವು. ಪ್ರತಿ ಸಲ ಸೊಪ್ಪು ಬಂದಾಗಲೂ ಮೊದಲು ಬೇರೆ ಇಟ್ಟ ಹುಳುವಿಗೆ ಹಾಕಿ, ಅವು ತಿಂದು ಸುಖವಾಗಿವೆ ಎಂದು ಹೆಂಗಸರೇ ನೋಡಿ ಹೇಳಿದ ಮೇಲೆ ಮಿಕ್ಕವಕ್ಕೆ ಹಾಕುತ್ತಿದ್ದೆವು.

ಮೊದಲ ಜ್ವರದ ಹೊತ್ತಿಗೆ ಮಳೆ ಹಿಡಿದುಕೊಂಡಿತು. ಜ್ವರದಲ್ಲಿ ಹುಳುವಿಗೆ ಒಣ ಗಾಳಿ ಬೇಕು, ತೇವವಾದರೆ ಪೊರೆ ಬಿಡಲಾರದೆ ಸಾಯುತ್ತವೆ. ಕರೆಂಟೂ ಇರಲಿಲ್ಲ. ಕಾಗದ ತೆಗೆದು, ಸುಣ್ಣದ ಪುಡಿ ಜರಡಿ ಹಿಡಿದು, ಇದ್ದಿಲ ಒಲೆಗಳನ್ನು ಮೂಲೆಗಳಲ್ಲಿಟ್ಟು, ಸರದಿಯಲ್ಲಿ ಇಲ್ಲದ ಹೆಂಗಸರೂ ಬಂದು ಮೊರ ಹಿಡಿದು ಗಾಳಿ ಬೀಸಿದರು. ಕೊಳಾಯಿಯ ಹತ್ತಿರ ನನಗೆ ಆ ಮಾತು ಹೇಳಿದವಳು ಬೀಸಿ ಬೀಸಿ ತೋಳು ಹಿಡಿದುಕೊಂಡು ಕೂತಳು. ಮಾರನೆಯ ದಿನ ಹುಳುಗಳು ಹೊಸ ಪೊರೆಯಲ್ಲಿ ಎದ್ದು ಸೊಪ್ಪಿಗೆ ತಲೆ ಹಾಕಿದಾಗ ಅವಳು ನನ್ನನ್ನು ನೋಡಿ, 'ನಾನು ಅದ್ನ ನಂಬಿದ್ದೆ ಕಣಕ್ಕ' ಎಂದಳು. 'ಗೊತ್ತು, ಸೊಪ್ಪು ಹೆಚ್ಚು' ಎಂದೆ.

ಎರಡನೇ ಜ್ವರ ಹತ್ತಿರ ಬರುತ್ತಿದ್ದಾಗ ಒಂದು ಬೆಳಗ್ಗೆ ನಾವು ಐದಾರು ಜನ ತೋಟದಲ್ಲಿ ಸೊಪ್ಪು ಕುಯ್ಯುತ್ತಿದ್ದೆವು. ಪೂರ್ವದ ಅಂಚಿನಲ್ಲಿ ಸವರಿದ ಗಿಡಗಳು ಚಿಗುರಿ, ಎಲ್ಲಕ್ಕಿಂತ ಹುಲುಸಾಗಿ ನಿಂತಿದ್ದವು. ನಾನು ಆ ಕಡೆಯನ್ನು ಯಾರಿಗೂ ಕುಯ್ಯಲು ಕೊಟ್ಟಿರಲಿಲ್ಲ. ಮುಂದಕ್ಕೆ ಇಟ್ಟುಕೊಂಡಿದ್ದಾಳೆ ಎಂದು ಹೆಂಗಸರು ಅಂದುಕೊಂಡಿದ್ದರು. ಆಗ ಏಜೆಂಟನ ಹೆಂಡತಿ ಕುಕ್ಕೆ ಹಿಡಿದು ಬದು ದಾಟಿ ಬಂದಳು. ಅವರ ಹುಳುಗಳು ನಾಲ್ಕನೇ ಜ್ವರ ದಾಟಿ, ಹೊತ್ತಿಗೆ ರಾಶಿ ಸೊಪ್ಪು ಬೇಡುವ ಹಂತದಲ್ಲಿದ್ದವು.

'ಅಕ್ಕಾ, ಸೊಪ್ಪು ಸಾಲ್ದಾಗೋಯ್ತು. ಎರಡು ಕುಕ್ಕೆ ಕೊಡಕ್ಕಾ, ಆಮ್ಯಾಕೆ ಕೊಡ್ತೀನಿ.'

ನಾನು ಬಾಯಿ ತೆರೆಯುವ ಮುಂಚೆ ಮುದುಕಿ, 'ಅಲ್ಲೇ ಬದುನಾಗೆ ಎಷ್ಟೊಂದ್ ಬೆಳೆದು ನಿಂತಾದೆ, ಕುಯ್ಕೋ ಹೋಗು' ಎಂದಳು.

'ಅಯ್ಯೋ ಆ ಅಂಚಿಂದು ಬ್ಯಾಡಕ್ಕ, ಈ ಕಡೇದು ಕೊಡು' ಎಂದಳು ಅವಳು. 'ಅದನ್ನ ಮುಟ್ಬ್ಯಾಡ ಅಂದವ್ರೆ ನಮ್ಮನೆಯವ್ರು.'

'ಯಾಕಂತೆ?'

'ಯಾಕೋ ಏನೋ. ಹೋದ್ ಬೆಳೆಯಾಗೆ ಅಮಾಸೆ ಹಿಂದಿನ್ ದಿನದಿಂದ್ಲೂ ಏಳ್ತಾವ್ರೆ, ಅಕ್ಕನ ಅಂಚಿನ ಸೊಪ್ಪು ನಮ್ಮ ಹುಳಕ್ಕೆ ಆಕ್ಬ್ಯಾಡ ಅಂತ. ನಿನ್ ಜತೆ ಏನಾರ ಮನಸ್ತಾಪ ಮಾಡ್ಕೊಂಡ್ರೇನೋ ಅಂದ್ಕೊಂಡೆ.'

ಹುಳು ಸತ್ತದ್ದು ಆ ಅಮಾವಾಸ್ಯೆ ಕಳೆದ ಮೇಲೆ. ವಿಷದ ಸೊಪ್ಪು ಎಂಬುದು ಊರಿಗೇ ಗೊತ್ತಿತ್ತು, ತೋಟದ ಯಾವ ಮೂಲೆಯದು ಎಂಬುದು ಮಾತ್ರ ನನಗೆ, ನನ್ನ ಮನೆಯವರಿಗೆ ಮತ್ತು ಇನ್ಸ್‌ಪೆಕ್ಟರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಹುಳು ಸಾಯುವ ಮೊದಲೇ ಅದನ್ನು ಬಲ್ಲವನು ಒಬ್ಬನೇ ಇರಬೇಕು, ಹೊಡೆದವನು. ನನ್ನ ಹುಳುವನ್ನು ಕೊಲ್ಲುವಾಗ ತನ್ನ ಹುಳು ಉಳಿಯಬೇಕಲ್ಲ ಎಂದು ಹೆಂಡತಿಗೆ ಹೇಳಿಟ್ಟಿದ್ದ. ಓರಗಿತ್ತಿಯ ಕೈಯಿಂದ ಕುಡುಗೋಲು ಕೆಳಗೆ ಬಿತ್ತು. 'ನಮ್ಮ ಹುಳ ಸತ್ತಿದ್ದು ಆ ಅಂಚಿನ ಸೊಪ್ಪಿಂದ' ಎಂದಳು, ಯಾವತ್ತೂ ಮಾತಾಡದವಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಏಜೆಂಟನ ಹೆಂಡತಿಗೆ ತಾನು ಏನು ಹೇಳಿದೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕುಕ್ಕೆಯನ್ನು ಅಲ್ಲೇ ಬಿಟ್ಟು ಬದುವಿನ ಕಡೆ ತಿರುಗಿದಳು.

'ಬರಿಗೈಲಿ ಕಳ್ಸು ಅವಳ್ನ. ಅವರ ಹುಳನೂ ಒಣಗಿ ಸಾಯ್ಲಿ' ಎಂದಳು ಒಬ್ಬಳು.

ನನಗೆ ಆ ಕ್ಷಣದಲ್ಲಿ ಆದದ್ದು ಸಂತೋಷ, ಮುಚ್ಚಿಡುವುದು ಯಾಕೆ. ಕಿರುಚಬೇಕು ಅನ್ನುವಷ್ಟು ಸಂತೋಷ. ನಾನು ಯಾರ ಮೇಲೂ ಬೆರಳು ತೋರಿಸಿರಲಿಲ್ಲ, ಯಾರಿಗೂ ಶಾಪ ಹಾಕಿರಲಿಲ್ಲ, ಬಚ್ಚಿಟ್ಟದ್ದು ತಾನಾಗಿ ಹಗಲಲ್ಲಿ, ಇಷ್ಟು ಜನರ ಮುಂದೆ ಬಂದು ನಿಂತಿತ್ತು. ಇನ್ನು ಹಸಿದ ಹುಳುವಿನ ಮೇಲೆ ನನಗೇನು ಸಿಟ್ಟು? ಅವಳ ಕುಕ್ಕೆ ಎತ್ತಿಕೊಂಡು ಒಳಗಿನ ಸಾಲಿನ ಒಳ್ಳೆಯ ಸೊಪ್ಪನ್ನು ನಾನೇ ಕುಯ್ದು ತುಂಬಿದೆ. ಅವಳು ಅಳುತ್ತಾ ಹೊತ್ತುಕೊಂಡು ಹೋದಳು.

ಮಧ್ಯಾಹ್ನದೊಳಗೆ ಮಾತು ಊರೆಲ್ಲ ಹರಡಿತು. ಈ ಸಲ ಯಾರು ಹೇಳಿದರು ಎಂದರೆ ಐದಾರು ಹೆಂಗಸರು ಎದೆ ತಟ್ಟಿಕೊಂಡು ನಾವು ಎನ್ನುತ್ತಿದ್ದರು. ಸಂಜೆಗೆ ಗೌಡರು ಎಲ್ಲರನ್ನೂ ಹುಣಸೆ ಮರದ ಕೆಳಗೆ ಸೇರಿಸಿದರು. ಏಜೆಂಟ್ ಬಂದ. ನಗುತ್ತಲೇ ಬಂದ. ಹೆಂಗಸರ ಮಾತು ಕಟ್ಟಿಕೊಂಡು ಏನು ಮಾಡುತ್ತೀರಿ, ಹಳೆಯ ಮನಸ್ತಾಪಕ್ಕೆ ಬೇಡ ಅಂದಿದ್ದೆ ಎಂದ. ಗೌಡರು ತಟ್ಟೆಯಲ್ಲಿ ಕರ್ಪೂರ ಇಟ್ಟು ಹಚ್ಚಿ, ಮುನೇಶ್ವರನ ಮುಂದೆ ಇಟ್ಟರು.

'ನಾನು ಔಷಧಿ ಒಡೀಲಿಲ್ಲ, ಚಾಡಿ ಏಳ್ಲಿಲ್ಲ ಅಂತ ಆರಿಸಿ ಸತ್ಯ ಮಾಡ್ಬುಡ್ಲಾ. ಸತ್ಯವಂತ್ರಿಗೆ ಭಯ ಯಾಕೆ ಅಂತ ನೀನೇ ಅಂದಿದ್ದೆಯಲ್ಲ' ಎಂದರು.

ಅವನು ಮುಂದೆ ಬಂದು ಕೂತ. ಕೈ ಎತ್ತಿದ. ಉರಿಯ ಮೇಲೆ ಅಂಗೈ ತಂದು ನಿಲ್ಲಿಸಿದ. ಅವನ ಕಣ್ಣು ಉರಿಯನ್ನು ಬಿಟ್ಟು ಹಿಂದಿನ ಕಲ್ಲನ್ನು ನೋಡಿತು. ಕೈ ಹಿಂದಕ್ಕೆ ಬಂತು. ಮತ್ತೊಮ್ಮೆ ಮುಂದೆ ಮಾಡಿದ, ಮತ್ತೆ ಹಿಂದಕ್ಕೆ ಬಂತು. ಕರ್ಪೂರ ತಾನಾಗಿ ಉರಿದು ತಾನಾಗಿ ಆರಿತು.

'ನನ್ ಹೊಟ್ಟೆ ಮೇಲೆ ಒಡ್ದಂಗಾಗಿತ್ತು ಗೌಡ್ರೆ' ಎಂದು ಅವನು ನೆಲ ನೋಡಿ ಹೇಳಿದ. ನಾನೇ ಎಂದು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಉಳಿದಿರಲಿಲ್ಲ.

ದಂಡ ಹಾಕಿ, ಊರಿಂದ ಹೊರಗಿಡಿ ಎಂದು ಗಲಾಟೆ ಎದ್ದಿತು. ಏನು ಮಾಡೋಣ ಎಂದು ಗೌಡರು ನನ್ನ ಕಡೆ ತಿರುಗಿದರು. 'ತೀರ್ಪು ಆಗೋಯ್ತಲ್ಲ ಗೌಡ್ರೆ. ನಾನು ಅದರ ಮೇಲೆ ಕೈ ಹಾಕಲ್ಲ. ಹುಳ ಜ್ವರಕ್ಕೆ ಕೂತಾವೆ, ಹೆಂಗಸ್ರನ್ನ ಬುಡಿ' ಎಂದೆ. ನನ್ನ ಜೊತೆ ಬಂದಿದ್ದವರೆಲ್ಲ ಒಟ್ಟಿಗೇ ಎದ್ದು ಚಾಕಿ ಮನೆಗೆ ನಡೆದರು. ಅತ್ತೆ ಎಲ್ಲರಿಗಿಂತ ಮುಂದಿದ್ದರು.

ಆ ಬೆಳೆಯ ಹುಳು ಹಂಚಿದ ದಿನ ಹೆಂಗಸರು ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ಬೀದಿಯುದ್ದಕ್ಕೂ ಸಾಲಾಗಿ ಹೋದರು. ಅವರು ಸಾಕಿದ ಹುಳು ಅದು, ಅದರಲ್ಲಿ ರೋಗವಿದೆ ಎಂದು ಯಾರಾದರೂ ಹೇಳಿದ್ದರೆ ಅವರೇ ಕಚ್ಚಾಡಲು ನಿಲ್ಲುತ್ತಿದ್ದರು. ಗೂಡು ಗಟ್ಟಿಯಾಗಿ, ಬೆಳ್ಳಗೆ ಬಂತು. ಕೃಷ್ಣಗಿರಿಯ ಗೂಡಿನ ಮಾರುಕಟ್ಟೆಯಲ್ಲಿ ಬೇರೆ ಊರಿನವರು ಇದು ಯಾರ ಚಾಕಿ ಎಂದು ವಿಚಾರಿಸಿದರಂತೆ. ನಮ್ಮೂರಿನ ರೈತರು, ಹಿಂದೆ ಎದ್ದು ಹೋದ ಅದೇ ರೈತರು, ನನ್ನ ಹೆಸರು ಹೇಳಿ ಬಂದರು.

ಮುಂದಿನ ಬೆಳೆಗೆ ಏಜೆಂಟನಿಂದ ಮೊಟ್ಟೆ ತೆಗೆದುಕೊಳ್ಳುವವರು ಒಬ್ಬರೂ ಇರಲಿಲ್ಲ. ಅವನಿಗೂ ತಂದು ಕೊಡುವವರು ಇರಲಿಲ್ಲವೋ ಏನೋ. ಒಂದು ಬೆಳಗ್ಗೆ ಅವನ ಹೆಂಡತಿ ಬಂದು ನಮ್ಮ ಹೊಸಿಲ ಆಚೆ ನಿಂತಳು.

'ನಮ್ಮನೆಗೂ ಚಾಕಿ ಬೇಕಾಗಿತ್ತಕ್ಕಾ. ಕೊಡ್ತೀಯಾ?'

ಒಳಗೆ ಸೊಪ್ಪು ಹೆಚ್ಚುತ್ತಿದ್ದ ಮಣೆಗಳ ಸದ್ದು ನಿಂತಿತು. 'ನಾಳೆಯಿಂದ ನಿಂದೂ ಸರದಿ. ಹೊತ್ತಿಗೆ ಮುಂಚೆ ಬಾ' ಎಂದೆ. ಸದ್ದು ಮತ್ತೆ ಶುರುವಾಯಿತು.

ಹುಳು ಹಣ್ಣಾಗಿ ಗೂಡು ಕಟ್ಟುವಾಗ ಅವನ್ನು ಹತ್ತಿಸಿದ ಬಿದಿರು ತಟ್ಟಿಗಳನ್ನು, ಎಂದರೆ ಚಂದ್ರಿಕೆಗಳನ್ನು, ಮನೆಯ ಮುಂದೆ ಗಾಳಿಗೆ ನಿಲ್ಲಿಸುತ್ತೇವೆ. ಆ ಬೆಳೆಯಲ್ಲಿ ಊರಿನ ಬೀದಿಯ ಎರಡೂ ಕಡೆ ಚಂದ್ರಿಕೆಗಳು ಸಾಲಾಗಿ ನಿಂತಿದ್ದವು, ಎಲ್ಲದರಲ್ಲೂ ಬಿಳಿ ಗೂಡು. ನಾನೂ ಅತ್ತೆಯೂ ನೋಡುತ್ತಾ ನಡೆದೆವು. ಏಜೆಂಟನ ಮನೆಯ ಮುಂದೆಯೂ ಹಾಗೇ, ಒಂದು ಗೂಡೂ ಕೆಟ್ಟಿರಲಿಲ್ಲ. ಅವನೇ ಚಂದ್ರಿಕೆಯ ಹತ್ತಿರ ಕೂತು ಇರುವೆ ಹತ್ತದ ಹಾಗೆ ಕಾಯುತ್ತಿದ್ದ. ನಮ್ಮನ್ನು ಕಂಡು ಎದ್ದು ನಿಂತ.

ಸ್ವಲ್ಪ ಮುಂದೆ ಬಂದ ಮೇಲೆ ಅತ್ತೆಗೆ ತಡೆಯಲಾಗಲಿಲ್ಲ. 'ಅವನಿಗೂ ಇಷ್ಟು ಚೆಂದಾಗಿ ಕೊಟ್ಟವ್ನಲ್ಲಮ್ಮೀ ದೇವ್ರು. ಇದ್ಯಾವ ಸೀಮೆ ನ್ಯಾಯ?'

'ಅವನ ಮನೆ ಮುಂದೆ ಗೂಡು ಕಟ್ಟಿರೋವು ಯಾರ ಚಾಕಿ ಹುಳ ಅತ್ತೆಮ್ಮ?' ಎಂದೆ.

ಅತ್ತೆ ನಿಂತರು. ಹಿಂದೆ ತಿರುಗಿ ಆ ಚಂದ್ರಿಕೆಗಳನ್ನು ಇನ್ನೊಮ್ಮೆ ನೋಡಿದರು. ಆಮೇಲೆ ನಡುಬೀದಿಯಲ್ಲೇ, ಹಲ್ಲಿಲ್ಲದ ಬಾಯಿ ತುಂಬ ನಕ್ಕರು.